ಐದು ಗುದ್ದಿನ ಹೆಸರು

ನಮ್ಮ ಊರಿನಲ್ಲಿ ಸಂಜೆಗೆ ಹೆಸರು ಕೂಗುತ್ತಾರೆ. ಹೊತ್ತು ಇಳಿದು, ದನ ಮನೆಗೆ ಬಂದು, ದೀಪ ಇನ್ನೂ ಹಚ್ಚದ ಆ ಒಂದು ಗಳಿಗೆಯಲ್ಲಿ ಪ್ರತಿ ಮನೆಯ ಹೆಂಗಸು ಹೊಸ್ತಿಲ ಮೇಲೆ ನಿಂತು ಮನೆಯವರ ಹೆಸರನ್ನು ಒಂದೊಂದಾಗಿ ಕೂಗುತ್ತಾಳೆ. ಕೂಗಿಸಿಕೊಂಡವರು ಹಿತ್ತಲಲ್ಲಿರಲಿ, ಅಟ್ಟದ ಮೇಲಿರಲಿ, "ಓ" ಅನ್ನಬೇಕು. ಅಂದರೆ ಆ ದಿನಕ್ಕೆ ಅವರು ಇದ್ದಾರೆ. ಎಲ್ಲರೂ ಓ ಅಂದಮೇಲೆ ದೀಪ. ಯಾರು ಮಾಡಿದ ಕಟ್ಟಳೆಯೋ ಕೇಳಬೇಡಿ, ನಾನು ಹುಟ್ಟುವ ಮೊದಲೂ ಇತ್ತು.

ಏಳು ಸಂಜೆ ಒಬ್ಬರು ಓ ಅನ್ನದಿದ್ದರೆ ಎಂಟನೆಯ ಸಂಜೆ ಅವರನ್ನು ಕೂಗುವ ಹಾಗಿಲ್ಲ. ಕೂಗು ನಿಂತವರು ತಾವಾಗಿಯೇ ಎದ್ದು, ಚಪ್ಪಲಿ ಬಿಟ್ಟು, ಪಡುವಣ ದಿಕ್ಕಿನ ಸವಳಿನೊಳಗೆ ನಡೆದು ಹೋಗುತ್ತಾರೆ. ಸವಳು ಅಂದರೆ ಉಪ್ಪು ಉಬ್ಬಿ ಬೆಳ್ಳಗಾದ ನೆಲ. ಅಲ್ಲಿ ಹುಲ್ಲು ಹುಟ್ಟುವುದಿಲ್ಲ, ಮಳೆ ಬೀಳುವುದಿಲ್ಲ, ಹೋದವರು ತಿರುಗಿ ಬರುವುದಿಲ್ಲ. ಯಾರಾದರೂ ಸವಳಿಗೆ ಹೋದರೆ ನಮ್ಮ ಜನ ದನಿ ತಗ್ಗಿಸಿ ಮಾತಾಡುತ್ತಾರೆ, ಆ ಮನೆಯವರು ಎದುರಾದರೆ ಬೇರೆ ಓಣಿ ಹಿಡಿಯುತ್ತಾರೆ. ಅದಕ್ಕೆ ಮರ್ಯಾದೆ ಅಂತ ಹೆಸರು ಬೇರೆ, ಬೆಂಕಿ ಬಿತ್ತು ಆ ಮರ್ಯಾದೆಗೆ.

ಹೆಸರಿಡುವುದಕ್ಕೂ ಒಂದು ಕ್ರಮ ಇದೆ. ಚಾವಡಿಯಲ್ಲಿ ಎರಡು ಹಲಗೆಗಳಿವೆ. ಮೂಡಣ ಗೋಡೆಯದು ಗಂಡುಮಕ್ಕಳದು, ಪಡುವಣ ಗೋಡೆಯದು ಹೆಣ್ಣುಮಕ್ಕಳದು. ಸೂಲಗಿತ್ತಿ ಕೂಸನ್ನು ಎತ್ತಿ ನೋಡಿ ಯಾವುದು ಅನ್ನುತ್ತಾಳೋ ಆ ಹಲಗೆಯಲ್ಲಿ ಹಲಗೆಯಜ್ಜ ಹೆಸರು ಕೊರೆಯುತ್ತಾನೆ. ಅದಕ್ಕೂ ಮೊದಲು, ತೊಟ್ಟಿಲ ದಿನ, ಸೋದರತ್ತೆ ಕೂಸಿನ ಕಿವಿಗೆ ಬಾಯಿಟ್ಟು "ಕುರ್ರ್" ಎಂದು ಹೆಸರು ಹೇಳುತ್ತಾಳೆ. ಹೇಳುತ್ತಿದ್ದ ಹಾಗೇ ಐದು ಮಂದಿ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಬೇರೆ ಊರುಗಳಲ್ಲಿ ಇದು ನಗೆಚಾಟಿಕೆಯಂತೆ. ನಮ್ಮಲ್ಲಿ ಐದು ಗುದ್ದು ಬಿದ್ದರೇ ಹೆಸರು ನಿಂತಿತು, ನಿಂತ ಹೆಸರನ್ನು ಹಲಗೆಯಜ್ಜನೂ ಕಿತ್ತುಹಾಕುವಂತಿಲ್ಲ; ಕಟ್ಟಳೆ ಮುರಿದವರ ಹೆಸರಿನ ಮೇಲೆ ಒಂದು ಗೀಟು ಎಳೆದು ಕೂಗು ನಿಲ್ಲಿಸಬಹುದು, ಅಷ್ಟೇ.

ನನ್ನ ತಮ್ಮನ ಕೂಸಿಗೆ ಹೆಸರಿಟ್ಟವಳು ನಾನೇ. ಗಂಡನ ಮನೆಯಲ್ಲಿ ಮೂರು ತಿಂಗಳೂ ಬಾಳದೆ ಗಂಟು ಕಟ್ಟಿಕೊಂಡು ವಾಪಸು ಬಂದವಳು ನಾನು, ತಮ್ಮನ ಮನೆಯಲ್ಲೇ ಬೇರು ಬಿಟ್ಟವಳು. ಸೂಲಗಿತ್ತಿ "ಗಂಡು" ಅಂದಳು. ನಾನು ಮೂಡಣ ಹಲಗೆಗೆ ಒಪ್ಪುವ ಒಂದು ಹೆಸರನ್ನು, ಊರು ನಡುಗುವಂಥ ಹೆಸರನ್ನು, ಕೂಸಿನ ಕಿವಿಯಲ್ಲಿ ಹೇಳಿ ಐದು ಗುದ್ದು ತಿಂದು ನಕ್ಕೆ. ಆ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದು ಯಾರಿಗೂ ಬೇಕಾಗಿಲ್ಲ ಈಗ.

ಕೂಸು ಸಣ್ಣದಿದ್ದಾಗ ಓ ಅನ್ನುತ್ತಿತ್ತು. ಆದರೆ ತಡವಾಗಿ, ಬೇರೆ ಯಾರನ್ನೋ ಕರೆದರೇನೋ ಎಂದು ಹಿಂದೆ ತಿರುಗಿ ನೋಡಿ ಆಮೇಲೆ ಅನ್ನುತ್ತಿತ್ತು. ಹತ್ತು ವರ್ಷವಾದಾಗ ಆ ಓ ಗೋಡೆಯಾಚೆ ಕೇಳಿಸುತ್ತಿರಲಿಲ್ಲ. ಹನ್ನೆರಡಕ್ಕೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಗಂಟಲ ವೈದ್ಯನನ್ನು ಕರೆಸಿದೆವು. ಅವನು ನಾಲಿಗೆ ಎಳೆದು ನೋಡಿ, ಗಂಟಲು ಬಿಗಿದಿದೆ, ಇಂಥವು ಇದ್ದೇ ಇರುತ್ತವೆ, ಇವು ಹುಟ್ಟುವುದೇ ಸವಳಿನ ಕಡೆ ಮುಖ ಮಾಡಿ ಎಂದ. ಮೆಣಸಿನ ಕಷಾಯ ಬರೆದುಕೊಟ್ಟ. ತಾಯಿ ಇನ್ನೂ ಗಟ್ಟಿಯಾಗಿ ಕೂಗಬೇಕು ಎಂದ.

ಅವಳು ಕೂಗಿದಳು ಪಾಪ. ನನ್ನ ತಮ್ಮನ ಹೆಂಡತಿಯ ದನಿಗೆ ಮಾಡಿನ ಪಾರಿವಾಳಗಳು ಹಾರಿಹೋಗುತ್ತಿದ್ದವು. ನಾಲ್ಕು ವರ್ಷ ಕೂಸು ಮೆಣಸು ಕುಡಿಯಿತು, ತಾಯಿ ಗಂಟಲು ಹರಿದುಕೊಂಡಳು, ನನ್ನ ತಮ್ಮ ಗೋಡೆ ನೋಡುತ್ತಾ ಕೂತ. ಗಂಟಲಿಗೆ ಮದ್ದು ಮಾಡುವ ಊರು ನಮ್ಮದು. ಕೂಗುವ ಹೆಸರು ಸರಿ ಇದೆಯೋ ಇಲ್ಲವೋ ಎಂದು ಒಬ್ಬರಾದರೂ ಕೇಳಬೇಕಲ್ಲ, ನಾನಾದರೂ ಕೇಳಿದೆನೇ?

ಹದಿನಾರು ತುಂಬಿದ ವರ್ಷ ಒಂದು ಸಂಜೆ ಓ ಬರಲೇ ಇಲ್ಲ. ತಾಯಿ ಮೂರು ಸಲ ಕೂಗಿದಳು. ಕೂಸು ಅವಳ ಎದುರಿಗೇ ಕಂಬಕ್ಕೆ ಒರಗಿ ನಿಂತಿತ್ತು. ಎರಡನೆಯ ಸಂಜೆಯೂ ಅಷ್ಟೇ.

ಮೂರನೆಯ ದಿನ ಬೆಳಿಗ್ಗೆ ನಾನು ಸವಳಿಗೆ ಹೋದೆ. ನಮ್ಮೂರಿನವರು ಆ ದಿಕ್ಕಿಗೆ ತಲೆಯಿಟ್ಟೂ ಮಲಗುವುದಿಲ್ಲ. ಇಷ್ಟು ಮಂದಿಯನ್ನು ನುಂಗಿದ್ದು ಏನೆಂದು ನೋಡಿಯೇ ಬಿಡೋಣ ಎಂದು ಸೀರೆ ಎತ್ತಿ ಕಟ್ಟಿ ನಡೆದೆ. ಸವಳಿನ ಅಂಚಿಗೆ ಮೊಳಕಾಲೆತ್ತರದ ಒಂದು ಕಲ್ಲಿದೆ. ಮಳೆ ಬೀಳದ ನೆಲ, ಹಾಗಾಗಿ ಹೆಜ್ಜೆ ಅಳಿಸಿಲ್ಲ. ಊರಿನಿಂದ ಬಂದ ಹೆಜ್ಜೆಗಳು ಕಲ್ಲಿನವರೆಗೆ ನೆಟ್ಟಗೆ ಬಂದಿದ್ದವು. ಕಲ್ಲಿನ ಹತ್ತಿರ ಎಲ್ಲವೂ ತಿರುಗಿದ್ದವು. ಬೆರಳು ಊರಿನ ಕಡೆ, ಹಿಮ್ಮಡಿ ಸವಳಿನ ಕಡೆ. ಅಲ್ಲಿನ ಮಣ್ಣು ತುಳಿದು ತುಳಿದು ಗುಳಿ ಬಿದ್ದಿತ್ತು, ಆಮೇಲೆ ಹೆಜ್ಜೆಗಳು ಸವಳಿನೊಳಗೆ ಸಾಗಿ ಕಣ್ಮರೆಯಾಗಿದ್ದವು.

ಅಯ್ಯೋ ದೇವರೇ, ಅವರೆಲ್ಲ ಅಲ್ಲಿ ನಿಂತಿದ್ದರು. ಒಬ್ಬೊಬ್ಬರೂ ಎಷ್ಟು ಹೊತ್ತು ನಿಂತಿದ್ದರೋ, ಊರಿನ ಕಡೆ ಮುಖ ಮಾಡಿ, ಯಾರಾದರೂ ಕೂಗುತ್ತಾರೇನೋ ಎಂದು. ನಾನು ಆ ಕಲ್ಲಿನ ಮೇಲೆ ಕೂತು ಬಾಯಿಬಿಟ್ಟು ಅತ್ತೆ.

ಅದರಲ್ಲಿ ಒಂದು ಜೊತೆ ಹೆಜ್ಜೆಯ ಗುರುತು ನನಗಿತ್ತು. ಎಡಗಾಲಿನ ಕಿರುಬೆರಳಿಲ್ಲದ ಹೆಜ್ಜೆ. ಹೋದ ವರ್ಷ ಹೋದ ಎದುರುಮನೆಯ ಕೂಸಿನದು. ವಾಪಸು ಬರುತ್ತಾ ಎದುರುಮನೆಯಾಕೆಯ ಬಾಗಿಲಲ್ಲಿ ನಿಂತು ಕಂಡದ್ದನ್ನು ಹೇಳಿದೆ.

"ನಿಂತಿತ್ತೇನು?" ಎಂದಳು.

"ನಿಂತಿತ್ತವ್ವಾ. ನಿನ್ನ ಮನಿ ಕಡೆ ಮುಖ ಮಾಡಿ ನಿಂತಿತ್ತು."

ಅವಳು ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡಳು. ತಪ್ಪು ಮಾಡಿದೆನೇನೋ ಅನ್ನಿಸಿತು. ಆದರೆ ಸುಳ್ಳು ಹೇಳುವ ಹೊತ್ತು ಅದಾಗಿರಲಿಲ್ಲ.

ಮನೆಗೆ ಬಂದರೆ ಕೂಸು ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿತ್ತು. ಎದುರಿಗೆ ಕೂತೆ. ಸುತ್ತಿಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ಸವಳಿಗೆ ಹೋಗಬೇಕಂತ ಮಾಡೀಯೇನು?"

ಅದರ ಕೈ ನಿಂತಿತು. "ಹೂಂ" ಅಂದಿತು.

ಮೊರದ ಇನ್ನೊಂದು ಅಂಚು ಹಿಡಿದುಕೊಂಡು ನಾನೂ ಕಲ್ಲು ಆರಿಸತೊಡಗಿದೆ. "ಯಾಕ, ಹೇಳು. ನಾ ಬೈಯಂಗಿಲ್ಲ."

"ಹೋಗಬೇಕಂತ ಆಸೆ ಇಲ್ಲತ್ತಿ. ಈ ಕೂಗು ನಿಂದ್ರಬೇಕು, ಅಷ್ಟ. ದಿನಾ ಸಂಜಿ ಅವ್ವ ಯಾರನ್ನೋ ಕರೀತಾಳ. ನಾ ಎದುರಿಗೇ ಇರತೀನಿ, ನನ್ನ ಕರೆಯೂದಿಲ್ಲ. ಇಷ್ಟು ವರ್ಷ ಅವನ ಬದಲಿಗೆ ನಾ ಓ ಅಂದೆ. ಈಗ ಬಾಯಿ ಬರವಲ್ದು."

"ಅವನು ಯಾರು?"

"ನನಗೇನು ಗೊತ್ತು? ನೀನ ಹೆಸರಿಟ್ಟಾಕಿ."

ಆ ಮಾತು ನೆಟ್ಟಗೆ ಬಂದು ನಾಟಿತು.

"ನಾ ಹ್ವಾದರ ಅವ್ವ ಗಂಟಲ ಹರಕೊಳ್ಳೂದು ತಪ್ಪತೈತಿ," ಎಂದಿತು ಕೂಸು. "ಅಪ್ಪ ಗೋಡಿ ನೋಡೂದು ತಪ್ಪತೈತಿ. ಎಲ್ಲಾರಿಗೂ ಹಗುರ ಆಗತೈತಿ."

"ಹಗುರ? ಎದುರುಮನಿಯಾಕಿ ಹಗುರ ಆಗ್ಯಾಳೇನು, ನೋಡೀಯಿಲ್ಲೋ? ಒಂದು ವರ್ಷ ಆತು, ಹೊಸ್ತಿಲಕ್ಕ ಬಂದು ನಿಂದರತಾಳ, ಬಾಯಿ ತೆರೀತಾಳ, ಕೂಗೂ ಹಂಗಿಲ್ಲ, ಒಳಗ ಹೋಗತಾಳ. ಅದಕ್ಕ ಹಗುರ ಅಂತಾರೇನು? ನಿನ್ನ ತಲೀಗೆ ಇದನ್ನ ಯಾರು ತುಂಬಿದ್ರು?"

ಕೂಸು ಅಳಲು ಶುರುಮಾಡಿತು. ಅಳಲಿ ಎಂದು ಬಿಟ್ಟೆ. ಆಮೇಲೆ ಕೇಳಿದೆ. "ನಿನಗ ನಿನ್ನದಂತ ಒಂದು ಹೆಸರು ಐತೇನು?"

"ಐತಿ." ಅದು ಕಣ್ಣೊರೆಸಿಕೊಂಡಿತು. "ನಾಕು ವರ್ಷದಿಂದ ಐತಿ. ಖಾಲಿ ಕೊಡದಾಗ ಬಾಯಿಟ್ಟು ನನ್ನ ನಾನ ಕರಕೋತೀನಿ. ಕೊಡ ಓ ಅಂತೈತಿ."

"ಅದು ಹೆಣ್ಣುಮಕ್ಕಳ ಹಲಗಿದೇನು?"

"ಹೂನತ್ತಿ. ಮೊದಲಿಂದನೂ ನಾ ಆ ಹಲಗಿಯಾಕೀನ."

ಆ ಕೊಡವನ್ನು ದಿನಾ ತುಂಬುವವಳು ನಾನು. ನನಗಿಂತ ಕೊಡ ವಾಸಿಯಾಯಿತಲ್ಲ ಎಂದು ಮೈ ಉರಿಯಿತು. "ಈಗ ಹೇಳಬ್ಯಾಡ," ಎಂದೆ. "ಏಳನೇ ಸಂಜಿ ನನ್ನ ಕಿವಿಯಾಗ ಹೇಳು. ಅಲ್ಲೀತನಕ ಇರತೀನಂತ ಮಾತು ಕೊಡು."

ಕೂಸು ಅಕ್ಕಿಯಿಂದ ಒಂದು ಕಲ್ಲು ತೆಗೆದು ಆಚೆ ಎಸೆಯಿತು. "ಇರತೀನಿ," ಎಂದಿತು. ಅಂದಿನಿಂದ ನಾನು ಅದರ ಮಗ್ಗುಲು ಬಿಟ್ಟು ಕದಲಲಿಲ್ಲ. ಉಂಡರೆ ಜೊತೆಗೆ, ಮಲಗಿದರೆ ಅದರ ಚಾಪೆಗೆ ಚಾಪೆ ಹಚ್ಚಿ.

ಐದನೆಯ ದಿನ ಅದರ ಕೈ ಹಿಡಿದುಕೊಂಡೇ ಚಾವಡಿಗೆ ಹೋದೆ. ಹಲಗೆಯಜ್ಜ ಉಳಿ ಮಸೆಯುತ್ತಿದ್ದ.

"ಅಜ್ಜಾ, ಒಂದು ಹೆಸರು ಈ ಗೋಡಿಯಿಂದ ಆ ಗೋಡಿಗೆ ಹೋಗಬೇಕು."

"ಕಟ್ಟಿಗಿಯಾಗ ಕೊರದದ್ದು ಅಳಿಸಾಕ ಬರೂದಿಲ್ಲ ತಾಯಿ. ಗೀಟು ಎಳಿಯಾಕ ಅಷ್ಟ ಬರತೈತಿ."

"ಸವಳಿಗೆ ಹ್ವಾದರಲ್ಲ, ಅವರ ಹೆಸರು ಅದಾವೇನು ಇಲ್ಲಿ?"

"ಅದಾವು. ಒಂದು ಅಕ್ಷರ ಮಾಸಿಲ್ಲ."

"ಹೆಸರು ಅದಾವು, ಮಂದಿ ಇಲ್ಲ. ಛಲೋ ಕಾಯ್ದೀ ಬಿಡು!"

ಅಜ್ಜನಿಗೆ ಸಿಟ್ಟು ಬಂತು. "ನೋಡು, ನೀ ಏನರ ಹೊಸಾ ಹೆಸರು ಇಟ್ಟರ, ನಿನ್ನ ಹೆಸರಿನ ಮ್ಯಾಲೆ ಗೀಟು ಎಳೀತೀನಿ. ಒಂದು ಸಂಜಿನೂ ನಿನ್ನ ಹೆಸರು ಯಾರೂ ಕೂಗೂ ಹಂಗಿಲ್ಲ. ಆಮ್ಯಾಲೆ ನಿನ್ನ ದಾರಿ ಎಲ್ಲಿಗೆ ಅಂತ ನಿನಗ ಗೊತ್ತೈತಿ."

"ಎಳಿ. ಉಳಿ ಇನ್ನಷ್ಟು ಮೊನಚ ಮಾಡ್ಕೋ, ಒಮ್ಮೆಗೇ ಆಗಲಿ," ಎಂದು ಹೇಳಿ ಬಂದೆ. ಬಾಯಿ ಹಾಗಂದಿತು. ಆದರೆ ಮನೆ ಮುಟ್ಟುವವರೆಗೆ ಕೂಸೇ ನನ್ನನ್ನು ಹಿಡಿದು ನಡೆಸಿತು.

ಏಳನೆಯ ದಿನ ಮಧ್ಯಾಹ್ನವೇ ಓಣಿಯ ಮನೆಮನೆಗೂ ಹೇಳಿ ಕಳಿಸಿದೆ. ನಮ್ಮ ಮನೆಯಲ್ಲಿ ಹೆಸರಿಡುತ್ತೇವೆ, ಗುದ್ದುವವರು ಬರಬೇಕು ಎಂದು. ಹೊತ್ತು ಇಳಿಯಿತು. ನನ್ನ ತಮ್ಮ ಗೋಡೆ ಬಿಟ್ಟು ಎದ್ದ. ಅಟ್ಟದಿಂದ ತೊಟ್ಟಿಲ ದಿನದ ಕಂಬಳಿ ಇಳಿಸಿ ಅಂಗಳದಲ್ಲಿ ಹಾಸಿದ. ಅವನ ಹೆಂಡತಿ ಮಾತ್ರ ಹೊಸ್ತಿಲಲ್ಲಿ ಕಲ್ಲಾಗಿ ನಿಂತಿದ್ದಳು. ಕೂಸನ್ನು ಕಂಬಳಿಯ ಮೇಲೆ ಕೂರಿಸಿ, ಅದರ ಮುಂದೆ ನಾನು ಮಂಡಿಯೂರಿ ಬಗ್ಗಿ ಕಿವಿ ಕೊಟ್ಟೆ.

"ಹಿಂದ ನಾ ನಿನ್ನ ಕಿವಿಯಾಗ ಹೇಳಿ ತಪ್ಪು ಮಾಡಿದೆ. ಈ ಸಲ ನೀ ನನ್ನ ಕಿವಿಯಾಗ ಹೇಳು."

ಕೂಸು ಹೇಳಿತು. ಇಷ್ಟೆಲ್ಲ ಗುಟ್ಟಾಗಿಟ್ಟಿದ್ದಕ್ಕೆ ಯಾವುದೋ ರಾಣಿಯ ಹೆಸರಿರಬೇಕು ಅಂದುಕೊಂಡಿದ್ದೆ. ಅದು ಓಣಿಗೆ ಇಬ್ಬರಿರುವಂಥ, ನೀರು ಹೊರುವವರ, ರೊಟ್ಟಿ ಬಡಿಯುವವರ ಹೆಸರು. ನಾನು ಅದನ್ನು ಅವಳ ಕಿವಿಗೆ ತಿರುಗಿ ಹೇಳಿದೆ. "ಕುರ್ರ್, ನೀಲವ್ವ."

ಹೇಳಿ ಬೆನ್ನು ಕೊಟ್ಟು ಬಗ್ಗಿದೆ. ಗುದ್ದು ಬೀಳಲಿಲ್ಲ. ಅಂಗಳದಂಚಿಗೆ ಹೆಂಗಸರು ಸೆರಗು ಬಾಯಿಗಿಟ್ಟು ನಿಂತಿದ್ದರು, ಒಬ್ಬಳೂ ಮುಂದೆ ಕಾಲಿಡಲಿಲ್ಲ. ನೀಲವ್ವನ ಉಸಿರು ನನಗೆ ಕೇಳುತ್ತಿತ್ತು. ಬೆಳಕು ಹೋಗುತ್ತಿತ್ತು.

ಆಗ ಎದುರುಮನೆಯ ಬಾಗಿಲು ತೆರೆಯಿತು. ಎದುರುಮನೆಯಾಕೆ ಓಣಿ ದಾಟಿ ನೆಟ್ಟಗೆ ಬಂದಳು. "ನಮ್ಮನಿ ಕೂಸಿಗೆ ನಾ ಕೇಳಲಿಲ್ಲ," ಎಂದಳು. "ಏನಂತ ಕರದಿದ್ದರ ಬರತಿತ್ತು ಅಂತ ನನಗ ಇನ್ನ ಗೊತ್ತಾಗೂದಿಲ್ಲ. ಬಗ್ಗು, ಚೆಂದಾಗಿ ಬಗ್ಗು." ಧಡ್ ಎಂದು ಒಂದು.

ಮುದುಕಿ ಸೂಲಗಿತ್ತಿ ಕೋಲೂರಿಕೊಂಡು ಬಂದಳು. "ನಾ ಕಣ್ಣಿಗೆ ಕಂಡದ್ದು ಹೇಳಿದ್ನೆವ್ವಾ. ಹುಟ್ಟಿದ ಕೂಸಿಗೆ ಬಾಯಿ ಎಲ್ಲಿತ್ತು ಹೇಳಾಕ? ಈಗ ಹೇಳೇತಿ," ಎಂದು ಎರಡನೆಯದು ಗುದ್ದಿದಳು. ಮೂರನೆಯವಳು ಗಂಟಲ ವೈದ್ಯನ ಹೆಂಡತಿ. "ನಾಕು ವರ್ಷ ಈ ಮನಿಗೆ ಮೆಣಸು ಕುಟ್ಟಿ ಕುಟ್ಟಿ ನನ್ನ ರಟ್ಟಿ ಬಿದ್ದು ಹೋತು, ಇದನ್ನೂ ಒಂದು ಕುಟ್ಟತೀನಿ ತಗೋ," ಎಂದಾಗ ಅಂಗಳದಲ್ಲಿ ಯಾರೋ ನಕ್ಕರು. ನಾಲ್ಕನೆಯವಳು ತುಂಬಿದ ಬಸುರಿ, ಓಣಿಯ ಕೊನೆಯ ಮನೆಯವಳು. ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು ಇನ್ನೊಂದರಿಂದ ಮೆಲ್ಲಗೆ ತಟ್ಟಿದಳು.

ಐದನೆಯದು ಇಲ್ಲ. ಕಾದೆ. ಮಂಡಿ ಹಿಡಿದುಕೊಂಡಿತು. ಮಿಕ್ಕವರು ಹಲಗೆಯಜ್ಜನಿಗೆ ಹೆದರಿ ಒಬ್ಬೊಬ್ಬರೇ ಮನೆಗೆ ಜಾರಿದರು. ನಾನು ತಲೆ ಎತ್ತಿ ಹೊಸ್ತಿಲ ಕಡೆ ನೋಡಿದೆ.

"ನನ್ನ ನೋಡಬ್ಯಾಡಕ್ಕಾ," ಎಂದಳು ನನ್ನ ತಮ್ಮನ ಹೆಂಡತಿ. ಅವಳ ಗಂಟಲು ಪೂರ್ತಿ ಒಡೆದಿತ್ತು. "ಹದಿನಾರು ವರ್ಷ ಒಂದು ಹೆಸರು ಕೂಗೀನಿ. ಅದನ್ನ ಬಿಟ್ಟರ ನನ್ನ ಮಗ ಎಲ್ಲಿ ಹೋಗತಾನ? ಅವನ್ನ ನಾನ ಕೈಯಾರೆ ಸವಳಿಗೆ ಕಳಿಸಿದಂಗ ಆಗೂದಿಲ್ಲೇನು?"

"ಎಲ್ಲೂ ಹೋಗಂಗಿಲ್ಲ ತಂಗಿ. ನೀ ಹೊಟ್ಟಿಯಾಗಿಟ್ಟಾಕಿ ಇಲ್ಲೇ ಕಂಬಳಿ ಮ್ಯಾಲೆ ಕುಂತಾಳ. ಹಾಲು ಕುಡದಾಕಿನೂ ಇವಳ, ನಿನ್ನ ಸೆರಗ ಹಿಡಕೊಂಡು ಅಡ್ಡಾಡಿದಾಕಿನೂ ಇವಳ. ಹೆಸರಷ್ಟ ನಾ ತಪ್ಪಿಟ್ಟಿದ್ದೆ. ಸಿಟ್ಟು ನನ್ನ ಮ್ಯಾಲೆ ಮಾಡು."

ಅವಳು ಹೊಸ್ತಿಲು ಇಳಿದು ಬಂದಳು. ಬಂದು, ಹದಿನಾರು ವರ್ಷದ ಸಿಟ್ಟನ್ನೆಲ್ಲ ಮುಷ್ಟಿಗೆ ತಂದು, ಅಳುತ್ತಾ ನನ್ನ ಬೆನ್ನಿಗೆ ಒಂದು ಗುದ್ದಿದಳು ನೋಡಿ, ನಾನು ಕಂಬಳಿಯ ಮೇಲೆ ಮುಗ್ಗರಿಸಿದೆ. ಇವತ್ತಿಗೂ ಚಳಿ ಬಿದ್ದರೆ ಆ ಜಾಗ ನೋಯುತ್ತದೆ. ನಾನು ಬಿದ್ದಲ್ಲಿಂದಲೇ ನಗುತ್ತಿದ್ದೆ.

ಅವಳು ತಿರುಗಿ ಹೋಗಿ ಹೊಸ್ತಿಲ ಮೇಲೆ ನಿಂತಳು. ಮೊದಲು ನನ್ನ ತಮ್ಮನ ಹೆಸರು ಕೂಗಿದಳು, ಅವನು ಓ ಅಂದ. ನನ್ನ ಹೆಸರು ಕೂಗಿದಳು, ನಾನು ಓ ಅಂದೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಗಟ್ಟಿಯಾಗಿ ಅಲ್ಲ, ಪಕ್ಕದಲ್ಲಿ ಕೂತವರನ್ನು ಕರೆಯುವ ಹಾಗೆ ಕರೆದಳು.

"ನೀಲವ್ವಾ."

"ಓ," ಎಂದಳು ನೀಲವ್ವ. ಆ ದನಿ ಓಣಿಯ ಆಚೆ ತುದಿಗೂ ಕೇಳಿಸಿತಂತೆ. ಗಂಟಲಿಗೆ ಏನೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಹಲಗೆಯಜ್ಜ ಮಾತಿನಂತೆ ನನ್ನ ಹೆಸರಿನ ಮೇಲೆ ಗೀಟು ಎಳೆದ. ಆ ಸಂಜೆ ನನ್ನ ತಮ್ಮನ ಹೆಂಡತಿ ನನ್ನ ಹೆಸರಿನ ಹತ್ತಿರ ಬಂದು ತಡೆದು, ಕಣ್ಣಲ್ಲಿ ನೀರು ತಂದುಕೊಂಡು ದೀಪ ಹಚ್ಚಿದಳು. ಹೋಗಲಿ ಬಿಡು, ನನಗೇನು ಕಿವಿ ತಂಪಾಯಿತು ಎಂದು ನಕ್ಕೆ. ಎರಡನೆಯ ಸಂಜೆ ನಗಲಿಲ್ಲ. ಮೂರನೆಯ ಸಂಜೆ ಅನ್ನ ರುಚಿಸಲಿಲ್ಲ. ಮನೆಯವರೆಲ್ಲ ಮೊದಲಿನ ಹಾಗೇ ಇದ್ದರು, ಆದರೆ ಅವರ ಮಾತು ನನ್ನನ್ನು ದಾಟಿ ಹೋಗುತ್ತಿದೆ ಅನ್ನಿಸತೊಡಗಿತು. ನಾನಿಲ್ಲದಿದ್ದರೆ ಅಜ್ಜನ ಸಿಟ್ಟು ಇಳಿಯುತ್ತದೆ, ಈ ಮನೆಗೆ ಹಗುರಾಗುತ್ತದೆ. ಯಾರೂ ತುಂಬದೆ ಆ ಮಾತು ತಾನಾಗಿಯೇ ನನ್ನ ತಲೆಗೆ ಬಂದಿತ್ತು. ನೋಡಿ, ಇಷ್ಟು ಬಾಯಿಯ ಹೆಂಗಸು ನಾನು. ನನಗೇ ಮೂರು ಸಂಜೆಗೆ ಹೀಗಾದರೆ ಅವಳು ಹದಿನಾರು ವರ್ಷ ಹೇಗೆ ತಡೆದಳೋ.

ನಾಲ್ಕನೆಯ ಸಂಜೆ ಹೆಸರು ಕೂಗುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಕೆಳಗೆ ನೋಡಿದರೆ ನನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಯಾವಾಗ ಬಿಟ್ಟೆನೋ ನೆನಪಿಲ್ಲ. ಮುಂದಿನ ಬಾಗಿಲಲ್ಲಿ ತಮ್ಮನ ಹೆಸರಾಯಿತು, ನೀಲವ್ವನ ಹೆಸರಾಯಿತು. ಇನ್ನು ದೀಪ ಎಂದುಕೊಂಡೆ.

"ಅವ್ವಾ, ತಡಿ. ದೀಪ ಹಚ್ಚಬ್ಯಾಡ," ಎಂದು ನೀಲವ್ವನ ದನಿ ಕೇಳಿತು. "ಇನ್ನೂ ಒಬ್ಬರು ಅದಾರ."

"ಆ ಹೆಸರು ಕೂಗೂ ಹಂಗಿಲ್ಲ ಮಗಳ. ಅಜ್ಜ ಗೀಟು ಎಳದಾನ."

"ಹಲಗಿ ಮ್ಯಾಲೆ ಇದ್ದದ್ದಕ್ಕ ಎಳದಾನ. ನಾ ಕರಿಯೂ ಹೆಸರು ಯಾವ ಹಲಗಿ ಮ್ಯಾಲೆ ಐತಿ? ಹೆಂಗ ಎಳೀತಾನ?" ನನ್ನ ಬಾಯಿಯೇ ಬಂದಿದೆ ಇವಳಿಗೆ ಎಂದು ಆ ಸಂಕಟದಲ್ಲೂ ನನಗೆ ನಗು ಬಂತು. ನೀಲವ್ವ ಹೊಸ್ತಿಲ ಮೇಲೆ ಹೋಗಿ ನಿಂತಳು. ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು.

"ಅತ್ತೀ!"

ನನ್ನ ಗಂಟಲು ಬಿಗಿಯಿತು. ಮೆಣಸಿನ ಕಷಾಯ ಕುಡಿದರೆ ಹೋಗುವ ಬಿಗಿತವಲ್ಲ ಅದು. ಅವಳು ಕಾದಳು, ಮತ್ತೆ ಕರೆದಳು.

"ಅತ್ತೀ! ನಾ ಕರಿಯಾಕ ಹತ್ತೀನಿ. ಎಲ್ಲಿದ್ದೀ?"

"ಓ," ಎಂದೆ. "ಇಲ್ಲೇ ಇದ್ದೀನವ್ವಾ. ಬಂದೆ."